ದೊಡ್ಡ ಗಂಡು ಮುಸ್ಯಾನ್ನ ಹಿಡಿಸಬ್ಯಾಡ್ರಿ: ನಮ್ಮೂರ ಪಂಚಾಯತಿಗೆ, ಅರಣ್ಯ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ನಮ್ಮೂರ ಗ್ರಾಮ ಪಂಚಾಯತಿ ಅಧ್ಯಕ್ಷರಿಗೆ, ಎಲ್ಲಾ ಸದಸ್ಯರಿಗೆ, ಪಿಡಿಓ ಸಾಹೇಬರಿಗೆ, ಹಂಗ ನಮ್ಮ ಭಾಗದ ಅರಣ್ಯ ಅಧಿಕಾರಿಗಳಿಗೆ,
ಬೆಳಗಾವಿ ಜಿಲ್ಲಾ.

ಮಾನ್ಯರೇ,

ಬರೋ ಗ್ರಾಮಸಭೆಯಾಗ ಊರ ಹಿಂಡಿನ ದೊಡ್ಡ ಗಂಡು ಮುಸ್ಯಾನ್ನ (ಲಂಗೂರ್ ಮಂಗ್ಯಾನ್ನ) ಹಿಡಸಾಕ ಮತ್ತ ಮಂಗ್ಯಾ ಹಿಡಿಯೋರನ್ನ ಕರಸಬೇಕು ಅಂತ ಮಾತಾಗೇತಿ, ಮನಿಗೆ ಇಷ್ಟು ಪಟ್ಟಿ ಅಂತ ಲೆಕ್ಕಾನೂ ಹಾಕ್ಯಾರ ಅಂತ ಕೇಳಿದೆ. ಅದಕ್ಕ ಮೊದಲ ಈ ಪತ್ರ ಒಂದಸಲ ಪೂರ್ತಿ ಓದ್ರಿ ಅಂತ ಕೈಮುಗದು ಕೇಳ್ಕೋತೀನಿ. ನಾ ಇದ ಊರಿನ ಹೈಸ್ಕೂಲಿನ್ಯಾಗ ವಿಜ್ಞಾನ ಕಲಿಸೋಕಿ, ನಿಮ್ಮಲ್ಲಿ ಭಾಳ ಮಂದಿ ಮಕ್ಕಳು ನನ್ನ ಮುಂದ ಕುಂತು ಕಲ್ತಾವ. ಪಂಚಾಯತಿಗೆ ಕಾಗದದಾಗ ಬರದು ಕೊಟ್ಟೆ, ಉತ್ತರ ಬರಲಿಲ್ಲ, ಅದಕ್ಕ ಎಲ್ಲಾರಿಗೂ ಕಾಣೂ ಹಂಗ ಇಲ್ಲಿ ಬರೀಲಿಕ್ಕತ್ತೀನಿ. ಇದು ನಮ್ಮೊಂದು ಊರಿನ ಮಾತಲ್ಲ, ಸುತ್ತಮುತ್ತಲಿನ ಎಷ್ಟೋ ಊರಾಗ ಇದನ್ನ ಮಾಡ್ಲಿಕ್ಕತ್ತಾರ, ಅದಕ್ಕ ಬ್ಯಾರೆ ಪಂಚಾಯತಿಯವರು ಓದಿದ್ರೂ ಛಲೋನ.

ಮೊದಲ ಒಂದು ಮಾತು ಸ್ಪಷ್ಟ ಹೇಳ್ತೀನಿ, ಮುಸ್ಯಾಗೋಳ ಕಾಟ ಸುಳ್ಳು ಅಂತ ನಾ ಹೇಳಾಕ ಬಂದಿಲ್ಲ. ಗೋವಿನಜೋಳ ಹಾಲಗಾಳ ಆಗೋ ಹೊತ್ತಿಗೆ ಹಿಂಡ ಹೊಲಕ್ಕ ಇಳದ್ರ ಒಂದ ಮುಂಜಾನೆದಾಗ ಎಷ್ಟು ಹಾಳ ಮಾಡ್ತಾವ ಅಂತ ನಾನೂ ರೈತರ ಮನ್ಯಾಗ ಹುಟ್ಟಿದಾಕಿ, ಕಣ್ಣಾರೆ ಕಂಡೀನಿ. ಒಂದು ತೆನಿ ಪೂರ್ತಿ ತಿನ್ನೂದಿಲ್ಲ, ಎರಡ ಕಡಿ ಕಡದು ಒಗದು ಮತ್ತೊಂದು ಮುರೀತಾವ. ಹಂಚಿನ ಮನಿ ಇದ್ದೋರ ಗೋಳು ಬ್ಯಾರೆನ, ಮಳಿಗಾಲಕ್ಕ ಮೊದಲ ಹಂಚು ತಿರುವಿ ಹಾಕಿಸಿರ್ತಾರ, ಮಾರನೇ ದಿನ ಅವು ಮ್ಯಾಲ ಜಿಗದು ಹತ್ತು ಹಂಚು ಒಡದಿರ್ತಾವ. ಶೇಂಗಾ ಒಣ ಹಾಕೂ ಹಂಗಿಲ್ಲ, ಹಪ್ಪಳ ಶಂಡಿಗಿ ಮಾಳಗಿ ಮ್ಯಾಲ ಇಡೂ ಹಂಗಿಲ್ಲ. ಒಂದು ದೊಡ್ಡ ಗಂಡು ಮುಸ್ಯಾ ಕೂಸಿನ ಕೈ ಕಚ್ಚಿದ್ದೂ ಖರೇನ, ಆ ಮನಿಯವರ ಸಿಟ್ಟು ನನಗ ತಿಳೀತೈತಿ. ಅದಕ್ಕ ಏನಾರ ಮಾಡ್ಲೇಬೇಕು ಅಂತ ನೀವು ಹೊಂಟಿದ್ದು ತಪ್ಪಲ್ಲ. ಮಾಡಿದ ರೀತಿ ತಪ್ಪೈತಿ, ಅಷ್ಟ ನನ್ನ ತಕರಾರು.

ಏನಾತು ಅಂತ ಹೊರಗಿನವರಿಗೂ ತಿಳೀಲಿ ಅಂತ ಹೇಳ್ತೀನಿ. ನಮ್ಮೂರಾಗ ಇರೂದು ಕರಿ ಮಾರಿ, ಉದ್ದ ಬಾಲದ ಮುಸ್ಯಾ, ಹನುಮಪ್ಪನ ಹೆಸರಿನ್ಯಾಗ ಲಂಗೂರ್ ಅಂತಾರಲ್ಲ ಅದು. ಸಾಲಿ ಹಿಂದಿನ ಹುಣಸಿ ಗಿಡದಾಗ, ಹಳ್ಳದ ದಂಡಿ ಆಲದ ಗಿಡದಾಗ ಒಂದು ಹಿಂಡ ಇತ್ತು, ಒಂದ ದೊಡ್ಡ ಗಂಡು, ಉಳದಾವೆಲ್ಲಾ ಹೆಣ್ಣು ಮತ್ತ ಮರಿಗೋಳು. ಹೋದ ಬ್ಯಾಸಗಿಯಾಗ ಊರಾಗ ಪಟ್ಟಿ ಎತ್ತಿ, ಹೊರಗಿಂದ ಹಿಡಿಯೋರನ್ನ ಕರಸಿ, ಬೋನ ಇಟ್ಟು, ಆ ಗಂಡನ್ನ ಒಂದ ಹಿಡದು ಗಾಡಿಯಾಗ ಹಾಕ್ಕೊಂಡು ರಾತ್ರೋರಾತ್ರಿ ದೂರದ ಕಾಡಿಗೆ ಬಿಟ್ಟು ಬಂದ್ರು. ಯಾರ ಪರವಾನಗಿ ತಗೊಂಡ್ರಿ ಅಂತ ಕೇಳಿದ್ರ ಯಾರೂ ಕಾಗದ ತೋರಸಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಮುಸ್ಯಾ ರಕ್ಷಿತ ಪ್ರಾಣಿ, ಅನುಮತಿ ಇಲ್ಲದ ಹಿಡಿಯೂದು ಅಪರಾಧ, ಇದು ಅಧಿಕಾರಿಗಳಿಗೆ ನಾ ಹೇಳಿ ತಿಳೀಬೇಕಾದ್ದಲ್ಲ.

ಗಂಡು ಹೋದ ಮ್ಯಾಲ ಸ್ವಲ್ಪ ದಿನ ಊರು ಶಾಂತ ಇತ್ತು, ಎಲ್ಲಾರೂ ಛಲೋ ಆತು ಅಂದ್ರು. ಆಮ್ಯಾಲ ಹಳ್ಳದ ಆಚಿ ಕಡೆಯಿಂದ ಬರೇ ಗಂಡುಗೋಳ ಒಂದು ಟೋಳಿ ಬಂತು. ಹಗಲೆಲ್ಲಾ ಮಾಳಗಿ ಮ್ಯಾಲ, ಸಾಲಿ ತಗಡಿನ ಮ್ಯಾಲ ಜಗಳ, ಹಲ್ಲು ಕಿಸಿಯೂದು, ಹೂಂಕಾರ, ಪಾಠ ಹೇಳಾಕ ಆಗ್ತಿರಲಿಲ್ಲ. ಕಡೀಕ ಒಂದು ಗಂಡು ಉಳದಾವನ್ನ ಓಡಿಸಿ ಹಿಂಡಿನ ಯಜಮಾನ ಆತು. ಅಲ್ಲಿಂದ ಮುಂದ ನಡದದ್ದು ನೀವೂ ಕಂಡೀರಿ. ಹಾಲು ಕುಡಿಯೋ ಮರಿಗೋಳು ಒಂದಾದ ಮ್ಯಾಲ ಒಂದು ಸತ್ತುವು. ಹುಣಸಿ ಗಿಡದ ಕೆಳಗ ಬಿದ್ದಿದ್ದ ಮರಿ ಮೈಮ್ಯಾಲ ಕೋರೆಹಲ್ಲಿನ ಗಾಯ ನಾ ನೋಡೀನಿ, ನಮ್ಮ ಒಂಬತ್ತನೇತ್ತಾ ಹುಡುಗ್ರೂ ನೋಡ್ಯಾರ. ಒಂದು ತಾಯಿ ಸತ್ತ ಮರೀನ್ನ ಕೈಬಿಡದ ಹೊತಗೊಂಡು ತಿರಗಾಡ್ತಿತ್ತು, ಅದು ಒಣಗಿ ಚರ್ಮ ಆಗೂ ಮಟಾ. ಕನ್ನಡ ಸಾಲಿ ಸಣ್ಣ ಹುಡುಗ್ರು ಹೆದರಿ ಆ ಕಡೆ ಹೋಗೂದ ಬಿಟ್ರು.

ಊರಾಗ ಏನ ಮಾತಾದುವು? ಹೊಸ ಮುಸ್ಯಾಗ ಹುಚ್ಚ ಹಿಡದೈತಿ ಅಂದ್ರು. ಹನುಮಪ್ಪಗ ಸಿಟ್ಟು ಬಂದೈತಿ, ಗುಡಿಯಾಗ ಅಭಿಷೇಕ ಮಾಡಸ್ರಿ ಅಂದ್ರು. ಹುಚ್ಚನಾಯಿ ಕಚ್ಚಿರಬೇಕು ಅಂತ ಒಬ್ಬರು ಅಂದ್ರು. ಈಗ ಎಲ್ಲಾರೂ ಕೂಡಿ ಬಂದ ನಿರ್ಣಯ ಏನಂದ್ರ ಈ ಹೊಸ ಗಂಡನ್ನೂ ಹಿಡಸಬೇಕು ಅಂತ. ಇಲ್ಲೇ ನಾ ಅಡ್ಡ ನಿಂತು ಹೇಳಬೇಕಾಗೇತಿ. ಆ ಗಂಡಿಗೆ ಹುಚ್ಚೂ ಹಿಡದಿಲ್ಲ, ರೋಗಾನೂ ಇಲ್ಲ. ಇದು ಹಿಂಗ ಆಗತೈತಿ ಅಂತ ಇಲ್ಲೇ ನಮ್ಮ ಪಕ್ಕದ ಧಾರವಾಡದಾಗ ಅರವತ್ತು ವರ್ಷದ ಹಿಂದ ವಿಜ್ಞಾನಿಗಳು ಕಂಡು ಬರದಿಟ್ಟಾರ.

1961ರಿಂದ 63ರ ತನಕ ಜಪಾನಿನ ಯುಕಿಮಾರು ಸುಗಿಯಾಮಾ ಅನ್ನೋ ಸಂಶೋಧಕರು ತಮ್ಮ ಸಂಗಡಿಗರ ಜೋಡಿ ಧಾರವಾಡದ ಕಾಡಿನಾಗ ಮುಸ್ಯಾಗೋಳ ಹಿಂಡಿನ ಬೆನ್ನ ಹತ್ತಿ ಅವುಗಳ ನಡವಳಿಕಿ ನೋಡ್ಕೋತ ಕುಂತ್ರು. ಭಾಳ ಹಿಂಡಿನ್ಯಾಗ ಒಂದ ದೊಡ್ಡ ಗಂಡು, ಹೆಣ್ಣುಗೋಳು ಹುಟ್ಟಿದ ಹಿಂಡಿನ್ಯಾಗ ಸಾಯೂಮಟಾ ಇರ್ತಾವ, ಗಂಡು ಮರಿಗೋಳು ದೊಡ್ಡವಾದಂಗ ಹೊರಗ ಬಿದ್ದು ಬರೇ ಗಂಡುಗೋಳ ಟೋಳಿ ಕಟ್ಟಿ ತಿರಗತಾವ, ಅವಕಾಶ ಸಿಕ್ಕಾಗ ಯಾವುದಾರ ಹಿಂಡಿನ ಮ್ಯಾಲ ಬಿದ್ದು ಹಳೇ ಯಜಮಾನನ್ನ ಓಡಸ್ತಾವ, ಹಂಗ ಓಡಿಸಿದ ಮ್ಯಾಲ ಹೊಸ ಗಂಡು ಹಾಲುಗೂಸುಗಳನ್ನ ಕಚ್ಚಿ ಕೊಲ್ಲತೈತಿ. ಇದೆಲ್ಲಾ ಅವರು ಕಣ್ಣಾರೆ ಕಂಡು 1965ರಾಗ ಪ್ರಕಟಿಸಿದ್ರು. ಮುಂದಿನ ಮಾತು ದಯಮಾಡಿ ಲಕ್ಷ ಕೊಟ್ಟು ಓದ್ರಿ. ಅವರು ಒಂದು ಪ್ರಯೋಗಾನೂ ಮಾಡಿದ್ರು: ಒಂದು ಹಿಂಡಿನ್ಯಾಗ ಇದ್ದ ಒಂದ ಒಂದು ದೊಡ್ಡ ಗಂಡನ್ನ ತಾವ ಹಿಡದು ಹೊರಗ ತಗದ್ರು, ಏನಾಗತೈತಿ ಅಂತ ನೋಡಾಕ. ಹೊರಗಿಂದ ಬ್ಯಾರೆ ಗಂಡು ಬಂತು, ಮರಿಗೋಳನ್ನ ಕಚ್ಚಿ ಕೊಂದ್ತು. ನಮ್ಮ ಪಂಚಾಯತಿ ಹೋದ ಬ್ಯಾಸಗಿಯಾಗ ಪಟ್ಟಿ ಎತ್ತಿ ಮಾಡಿಸಿದ್ದು ಅಕ್ಷರಶಃ ಅದ ಪ್ರಯೋಗ, ಫಲಿತಾಂಶಾನೂ ಅದ. ವ್ಯತ್ಯಾಸ ಇಷ್ಟ, ಅವರು ಬರಕೊಂಡ್ರು, ನಾವು ಹುಚ್ಚು ಅಂದ್ವಿ.

ಯಾಕ ಹಿಂಗ ಮಾಡತೈತಿ ಅನ್ನೂದಕ್ಕ ಹೊಟ್ಟಿಕಿಚ್ಚು, ಕ್ರೂರತನ ಅಂತ ಹೆಸರಿಟ್ಟು ಬಿಟ್ರ ಏನೂ ತಿಳಿಯೂದಿಲ್ಲ. ಲೆಕ್ಕ ಹಾಕಿ ನೋಡ್ರಿ. ಹೆಣ್ಣು ಮುಸ್ಯಾ ಸುಮಾರು 200 ದಿನ ಬಸರ ಇರತೈತಿ, ಹಡದ ಮ್ಯಾಲ ವರ್ಷದ ಮಟಾ ಮರಿಗೆ ಹಾಲು ಕುಡಸ್ತೈತಿ, ಮರಿ ಹಾಲು ಕುಡಿಯೂ ಅಷ್ಟು ದಿನ ಸಾಮಾನ್ಯವಾಗಿ ಮತ್ತ ಬಸರ ಆಗೂದಿಲ್ಲ, ಹಾಲೂಡೂ ಮೈಯಾಗಿನ ಹಾರ್ಮೋನು ಅದನ್ನ ತಡೀತಾವ. ಇನ್ನ ಗಂಡಿಗೆ ಯಜಮಾನಕಿ ಸಿಗೂದು ಎಷ್ಟು ದಿನ? ರಾಜಸ್ಥಾನದ ಅಬು ಬೆಟ್ಟದಾಗ ನೋಡಿದವರು ಸರಾಸರಿ ಎರಡು ವರ್ಷದ ಮ್ಯಾಲ ಸ್ವಲ್ಪ ಅಂತಾರ, ಆಮ್ಯಾಲ ಇನ್ನೊಂದು ಗಂಡು ಬಂದು ಓಡಸ್ತೈತಿ. ಹೊಸದಾಗಿ ಬಂದ ಗಂಡು ಹಿಂದಿನವನ ಮರಿ ಹಾಲು ಬಿಡೂಮಟಾ ಕಾಯಕೋತ ಕುಂತ್ರ, ಮುಂದ ತನ್ನ ಮರಿ ಹುಟ್ಟಿ ಗಟ್ಟಿ ಆಗೂದ್ರೊಳಗ ತಾನ ಹೊರಗ ಬಿದ್ದಿರತೈತಿ. ಮರಿ ಸತ್ರ ತಾಯಿ ಕೆಲವ ವಾರದಾಗ ಮತ್ತ ಬೆದಿಗೆ ಬರತೈತಿ. ಹಿಂಗ ಸಾವಿರಾರು ತಲಿಮಾರಿನಾಗ ಕಾದ ಗಂಡುಗೋಳ ಸಂತಾನ ಕಡಿಮಿ ಆತು, ಕಚ್ಚಿದ ಗಂಡುಗೋಳ ಸಂತಾನ ಹೆಚ್ಚಾತು, ಆ ಸ್ವಭಾವಕ್ಕ ಕಾರಣ ಆಗೋ ಜೀನ್‌ಗೋಳು, ಅಂದ್ರ ತಂದಿ ತಾಯಿ ಗುಣ ಮರಿಗೆ ದಾಟಿಸೂ ವಂಶವಾಹಿಗೋಳು, ಮಕ್ಕಳಿಂದ ಮಕ್ಕಳಿಗೆ ಉಳಕೊಂಡು ಬಂದುವು. 1859ರಾಗ ಡಾರ್ವಿನ್ ಹೇಳಿದ ನಿಸರ್ಗದ ಆಯ್ಕೆ ಅಂದ್ರ ಇದ. ಗಂಡು ಮುಸ್ಯಾ ಕುಂತು ಲೆಕ್ಕ ಹಾಕತೈತಿ ಅಂತ ಯಾರೂ ಹೇಳೂದಿಲ್ಲ, ಅದಕ್ಕ ಏನೂ ತಿಳೀದು. ತಾ ಕೂಡದ ಹೆಣ್ಣಿನ ಹತ್ರ ಎಳೇ ಮರಿ ಕಂಡ್ರ ಮೈಮ್ಯಾಲ ಬೀಳೂ ಹಂಗ ಅದರ ಮೆದುಳು, ಅದರ ರಕ್ತ ತಯಾರಾಗೇತಿ, ಅಷ್ಟ.

ನಡವಳಿಕಿ ಹೆಂಗ ರಕ್ತದಾಗ ಬರತೈತಿ ಅಕ್ಕೋರ, ಮೂಗು ಕಣ್ಣು ಬಂದ್ರ ಒಪ್ಪೂಣು ಅಂತ ಸಾಲ್ಯಾಗ ಪ್ರತಿ ವರ್ಷ ಒಬ್ಬ ಹುಡುಗ ಕೇಳ್ತಾನ, ದೊಡ್ಡವರೂ ಕೇಳ್ತಾರ. ದೂರ ಹೋಗೂದು ಬ್ಯಾಡ, ಪಕ್ಕದ ಬಾಗಲಕೋಟಿ ಜಿಲ್ಲಾದ ಮುಧೋಳ ನಾಯಿ ನೋಡ್ರಿ. ಕಣ್ಣಿಗೆ ಏನಾರ ಓಡೂದು ಕಂಡ್ರ ಸಾಕು, ಆ ಮರಿ ಬೆನ್ನ ಹತ್ತಿ ಹೊಕ್ಕೈತಿ, ಯಾರೂ ಕಲಿಸಿರೂದಿಲ್ಲ. ತಲಿಮಾರಿನಿಂದ ತಲಿಮಾರಿಗೆ ಬೇಟಿಗೆ ಜೋರ ಇರೂ ನಾಯಿನ್ನ ಆರಿಸಿ ಆರಿಸಿ ಮರಿ ಹಾಕಿಸಿದ್ದಕ್ಕ ಉದ್ದ ಕಾಲಿನ ಜೋಡಿ ಆ ಬೆನ್ನಟ್ಟೂ ಗುಣಾನೂ ಬಂದೈತಿ, ಮುಧೋಳ ಹತ್ರ ತಿಮ್ಮಾಪುರದಾಗ ಅದರ ಸಲುವಾಗಿನ ಒಂದು ಸಂಶೋಧನಾ ಕೇಂದ್ರ ಐತಿ, ಸೈನ್ಯದವರೂ ಆ ನಾಯಿ ತಗೊಂಡು ಹೋಗಿ ತರಬೇತಿ ಕೊಟ್ಟಾರ. ಅಲ್ಲಿ ಆರಿಸಿದವರು ಮನಶ್ಯಾರು, ಕಾಡಿನಾಗ ಆರಿಸೂದು ಬದುಕು-ಸಾವು. ಕೋಗಿಲಿ ಇನ್ನೊಂದು ಉದಾಹರಣಿ. ಕಾಗಿ ಗೂಡಿನಾಗ ತತ್ತಿ ಒಡದು ಹೊರಗ ಬರತೈತಿ, ಕಾಗಿನ ತುತ್ತು ಕೊಟ್ಟು ಬೆಳಸ್ತೈತಿ, ಕಿವಿಗೆ ಬೀಳೂದು ಕಾಗಿ ದನಿ, ಆದ್ರೂ ದೊಡ್ಡದಾದ ಮ್ಯಾಲ ಕುಹೂ ಅಂತೈತಿ. ಅದನ್ನ ಯಾವ ಅಪ್ಪ ಅವ್ವ ಕಲಿಸಿದ್ರು?

ರಷ್ಯಾದಾಗ ಇದನ್ನ ಕಟ್ಟುನಿಟ್ಟಾಗಿ ಪರೀಕ್ಷಾ ಮಾಡಿ ನೋಡ್ಯಾರ. 1959ರಾಗ ಬೆಲ್ಯಾಯೆವ್ ಅನ್ನೋ ವಿಜ್ಞಾನಿ ನೋವೋಸಿಬಿರ್ಸ್ಕ್ ಊರಾಗ ತುಪ್ಪಳಕ್ಕ ಸಾಕೋ ನರಿಗೋಳ ಮ್ಯಾಲ ಕೆಲಸ ಸುರು ಮಾಡಿದ್ರು. ಮನಶ್ಯಾರನ್ನ ಕಂಡು ಕಡಿಮಿ ಹೆದರೂ, ಕಡಿಮಿ ಕಚ್ಚೂ ನರಿಗೋಳನ್ನ ಅಷ್ಟ ಆರಿಸಿ ಮರಿ ಹಾಕಿಸಿದ್ರು, ತರಬೇತಿ ಏನೂ ಕೊಡಲಿಲ್ಲ. ಕೆಲವ ತಲಿಮಾರಿನಾಗ ಬಾಲ ಅಲ್ಲಾಡಿಸ್ಕೋತ, ಕೈ ನೆಕ್ಕೋ ನರಿಮರಿಗೋಳು ಹುಟ್ಟಿದುವು. ಅಂದ್ರ ಹೆದರಿಕಿ, ಸಿಟ್ಟು, ಸಲಿಗಿ ಇವುಗಳೂ ಹುಟ್ಟಿನ ಜೋಡಿ ಬರತಾವ. ಎಲ್ಲಾನೂ ಜೀನ್ ಅಂತ ನಾ ಹೇಳೂದಿಲ್ಲ, ನಮ್ಮೂರ ಮುಸ್ಯಾಗೋಳು ಯಾವ ಮನಿ ಕಿಟಕಿಗೆ ಜಾಳಿಗಿ ಇಲ್ಲ, ಯಾವ ಹೊಲಕ್ಕ ಕಾವಲ ಇಲ್ಲ, ಮಧ್ಯಾಹ್ನದ ಊಟದ ಗಂಟಿ ಯಾವಾಗ ಹೊಡೀತೈತಿ ಅಂತ ತಿಳಕೊಂಡಿದ್ದು ಕಲಿಕಿಯಿಂದ. ಹಸಿವು ಹುಟ್ಟಿನಿಂದ ಬಂತು, ನಮ್ಮ ಮಾಳಗಿ ದಾರಿ ಕಲ್ತಿದ್ದು ಇಲ್ಲೇ.

ವಿಜ್ಞಾನಿಗಳೊಳಗೂ ಈ ವಿಷಯದಾಗ ದೊಡ್ಡ ಜಗಳ ಆಗೇತಿ, ಅದನ್ನ ಮುಚ್ಚಿಡೂದಿಲ್ಲ. ಧಾರವಾಡದ ಕಾಡಿನಾಗ ಮುಸ್ಯಾಗೋಳು ಭಾಳ ದಟ್ಟ ಆಗಿದ್ವು, ಗದ್ದಲಕ್ಕ ತಲಿ ಕೆಟ್ಟು ಮರಿ ಕೊಂದ್ವು, ಇದು ಸಹಜ ಅಲ್ಲ ಅಂತ ಕೆಲವರು ವಾದ ಮಾಡಿದ್ರು. ನಮ್ಮೂರವರು ಹುಚ್ಚು ಅಂದಂಗನ ಅದು, ಸ್ವಲ್ಪ ಶಾಸ್ತ್ರದ ಮಾತಿನ್ಯಾಗ. 1971ರಿಂದ ಅಬು ಬೆಟ್ಟದಾಗ ಸಾರಾ ಹರ್ಡಿ ಅನ್ನೋ ಅಮೆರಿಕಾದ ಹೆಣ್ಣಮಗಳು ಕೆಲಸ ಮಾಡಿದ್ರು. ಆಕಿನೂ ಮೊದಲ ಗದ್ದಲದ ಮಾತನ್ನ ಪರೀಕ್ಷಾ ಮಾಡಾಕ ಹೋದಾಕಿ, ಅಲ್ಲಿ ಕಂಡದ್ದು ಬ್ಯಾರೆ, ಗಂಡುಗೋಳು ಸಿಕ್ಕ ಸಿಕ್ಕ ಮರಿ ಕೊಲ್ಲತಿರಲಿಲ್ಲ, ಹೊರಗಿಂದ ಬಂದ ಗಂಡು ಮಾತ್ರ ಕೊಲ್ಲತಿತ್ತು. ಜೋಧಪುರದಾಗೂ ಇಂಥದ್ದ ಕಂಡ್ರು. ಇನ್ನ ತಂದಿ ಯಾರು ಅಂತ ಖಾತ್ರಿ ಮಾಡಾಕ ಆಗಿನ ಕಾಲದಾಗ ದಾರಿ ಇರಲಿಲ್ಲ, ನೇಪಾಳದ ರಾಮನಗರ ಅನ್ನೋ ಜಾಗಾದಾಗ ಕೆಲಸ ಮಾಡಿದ ತಂಡ ಡಿಎನ್ಎ ಪರೀಕ್ಷಾ ಮಾಡಿ 1999ರಾಗ ಬರೀತು: ಕೊಂದ ಗಂಡುಗೋಳು ಸತ್ತ ಮರಿಗಳಿಗೆ ತಂದಿ ಆಗಿರಲಿಲ್ಲ, ಆ ತಾಯಂದಿರು ಆಮ್ಯಾಲ ಹಡದ ಮರಿಗಳಿಗೆ ಹೆಚ್ಚುಕಡಿಮಿ ಅವ ತಂದಿ. ಹುಚ್ಚ ಹಿಡದಿದ್ರ ತನ್ನದು ಮಂದೀದು ಅಂತ ಭೇದ ಇರತಿತ್ತೇನ್ರಿ? ಸಿಂಹದಾಗೂ ಇದ ಐತಿ, ಆಫ್ರಿಕಾದ ಸೆರೆಂಗೆಟಿಯಾಗ ಹೊಸ ಗಂಡುಗೋಳು ಹಿಂಡ ಹೊಕ್ಕಾಗ ಮರಿಗೋಳು ಸಾಯ್ತಾವ.

ಹೆಣ್ಣುಗೋಳು ಸುಮ್ನ ನೋಡ್ಕೋತ ಕೂಡ್ತಾವ ಅಂತ ತಿಳೀಬ್ಯಾಡ್ರಿ. ನಮ್ಮ ಸಾಲಿ ಹಿಂದ ನಾ ಕಂಡದ್ದು ಮರೀಲಿಕ್ಕ ಆಗೂದಿಲ್ಲ, ಹೊಸ ಗಂಡು ಮರಿ ಮ್ಯಾಲ ಬಿದ್ದಾಗ ಆ ತಾಯಿ ಜೋಡಿ ಒಂದು ಹರಕ ಕಿವಿ ಮುದುಕಿ ಮುಸ್ಯಾ ಗಂಡಿನ ಮೈಮ್ಯಾಲ ಹಾರಿತು, ಅದರ ಹಿಂದ ಇನ್ನೆರಡು ಬಂದುವು. ತನಗಿಂತ ಎಷ್ಟೋ ದೊಡ್ಡದಿದ್ದ ಗಂಡಿನ ಜೋಡಿ ಬಡದಾಡಿತು ಆ ಮುದುಕಿ. ಅಬು ಬೆಟ್ಟದಾಗೂ ಮುದುಕಿಗೋಳ ಮುಂದ ನಿಂತು ಬಡದಾಡಿದ್ದನ್ನ ಬರದಾರ. ಇದಕ್ಕೂ ಕಾರಣ ಐತಿ, ಹಿಂಡಿನ ಹೆಣ್ಣುಗೋಳೆಲ್ಲಾ ಅಕ್ಕತಂಗಿ, ಅವ್ವ, ಮಗಳು, ಮೊಮ್ಮಗಳು. ಬ್ರಿಟನ್ನಿನ ಹ್ಯಾಮಿಲ್ಟನ್ ಅನ್ನೋ ವಿಜ್ಞಾನಿ 1964ರಾಗ ಇದರ ಗಣಿತ ತೋರಿಸಿದ್ರು, ತನ್ನ ಜೀನ್‌ಗೋಳು ತನ್ನ ಮರಿಯಾಗ ಅಷ್ಟ ಇರೂದಿಲ್ಲ, ತಂಗಿಯಾಗ, ತಂಗಿ ಮರಿಯಾಗ, ಮೊಮ್ಮಕ್ಕಳಾಗೂ ಪಾಲು ಇರತೈತಿ, ಅವುಗಳ ಸಲುವಾಗಿ ಜೀವಕ್ಕ ಅಪಾಯ ತಗೊಂಡ್ರೂ ಆ ಗುಣ ಮುಂದ ಉಳೀತೈತಿ. ಹಡಿಯೂ ವಯಸ್ಸು ದಾಟತಾ ಬಂದ ಮುದುಕಿಗೆ ಕಳಕೊಳ್ಳೂದು ಕಡಿಮಿ, ಉಳಿಸೂದು ಹೆಚ್ಚು. ಇನ್ನೊಂದು ಉಪಾಯಾನೂ ಹರ್ಡಿ ಕಂಡಾರ, ಹಳೇ ಗಂಡಿನಿಂದ ಆಗಲೇ ಬಸರ ಆಗಿದ್ದ ಹೆಣ್ಣೂ ಹೊಸ ಗಂಡಿನ ಜೋಡಿ ಕೂಡತೈತಿ, ಮುಂದ ಹುಟ್ಟೂ ಮರಿ ನಂದ ಇರಬೇಕು ಅಂತ ಗಂಡು ಮುಟ್ಟಲಾರದಂಗ. ಆಯ್ಕೆ ಅನ್ನೂದು ಗಂಡಿಗೆ ಕೋರೆ ಕೊಟ್ಟಂಗ ಹೆಣ್ಣಿಗೂ ಏನಾರ ಕೊಟ್ಟೈತಿ. ಆದ್ರ ಬಂದ ಗಂಡು ಒಂದಾದ ಮ್ಯಾಲ ಒಂದು ಬದಲಾಗ್ಕೋತ ಹೋದ್ರ ಅವುಗಳ ಕೈಲಿ ಏನಾಗತೈತಿ?

ಇದ ಈಗ ನಿಮ್ಮ ಮುಂದ ಇರೂ ಪ್ರಶ್ನೆ. ಈಗಿರೂ ಗಂಡು ಬಂದು ಒಂದು ವರ್ಷದ ಹತ್ರ ಆತು. ಹೆಣ್ಣುಗೋಳು ಮತ್ತ ಬಸರಾದುವು, ಹೊಸ ಮರಿಗೋಳು ಹುಟ್ಟ್ಯಾವ, ಇವೆಲ್ಲಾ ಈ ಗಂಡಿನ ಮರಿ, ಇವನ್ನ ಅದು ಮುಟ್ಟೂದಿಲ್ಲ, ಹೊರಗಿನ ಗಂಡುಗೋಳು ಬಂದ್ರ ಅಡ್ಡ ನಿಲ್ಲತೈತಿ. ಈಗ ಇದನ್ನ ಹಿಡಿಸಿದ್ರ ಹಳ್ಳದ ಆಚಿಯಿಂದ ಮೂರನೇದು ಬರತೈತಿ, ಈ ಮರಿಗೋಳೂ ಸಾಯ್ತಾವ, ಮತ್ತ ಮಾಳಗಿ ಮ್ಯಾಲ ಜಗಳ, ಮತ್ತ ಹಂಚು ಒಡೀತಾವ, ಮತ್ತ ನೀವು ಪಟ್ಟಿ ಎತ್ತತೀರಿ. ಹಿಂಡಿನ ಸಂಖ್ಯೆನಾದ್ರೂ ಇಳೀತೈತೇನು ಅಂದ್ರ ಅದೂ ನಂಬೂ ಹಂಗಿಲ್ಲ, ಹಡಿಯೂ ಹೆಣ್ಣುಗೋಳು ಇಲ್ಲೇ ಅದಾವ, ಮರಿ ಕಳಕೊಂಡಾವು ಬೇಗ ಹಡೀತಾವ. ಬೆಳಿ ಉಳೀತೈತೇನು? ಹೊಲದ ದಾರಿ, ನೀರಿನ ಜಾಗಾ, ಯಾವ ಗಿಡ ಯಾವಾಗ ಚಿಗರತೈತಿ ಅನ್ನೂದು ಗೊತ್ತಿರೂದು ಇಲ್ಲೇ ಹುಟ್ಟಿ ಇಲ್ಲೇ ಮುದುಕಿ ಆದ ಹೆಣ್ಣುಗೋಳಿಗೆ. ಗಂಡು ನಿನ್ನೆ ಬಂದು ನಾಳೆ ಹೋಗೂದು. ಗಂಡನ್ನ ಹಿಡದು ಒಯ್ದ ಮರುವಾರಾನ ಹಿಂಡ ಗೋವಿನಜೋಳದಾಗ ಇಳದಿತ್ತು, ನೀವ ನೆನಪ ಮಾಡ್ಕೋರಿ. ಒಟ್ಟಿನ್ಯಾಗ ಊರಿನ ರೊಕ್ಕ ಕೊಟ್ಟು ನಾವು ಕೊಂಡದ್ದು ಮರಿಗೋಳ ಸಾವು ಒಂದ, ಬ್ಯಾರೆ ಏನೂ ಬರಲಿಲ್ಲ.

ಹಿಡದು ಒಯ್ದ ಆ ಮೊದಲಿನ ಗಂಡಿನ ಗತಿ ಏನಾತು ಅಂತ ಯಾರಾರ ಕೇಳೀರೇನು? ಅಲ್ಲಿ ಅದಕ್ಕ ದಾರಿ ಗೊತ್ತಿಲ್ಲ, ಗಿಡ ಗೊತ್ತಿಲ್ಲ, ಅಲ್ಲಿ ಮೊದಲ ಇದ್ದ ಹಿಂಡಿನ ಗಂಡು ಬಿಡೂದಿಲ್ಲ. ಸೋತ್ರ ಸಾಯತೈತಿ, ಗೆದ್ರ ಆ ಹಿಂಡಿನ ಮರಿಗೋಳನ್ನ ಇದು ಕೊಲ್ಲತೈತಿ. ನಮ್ಮೂರಾಗ ಕರೆಂಟ್ ತಂತಿಗೆ ಸಿಕ್ಕು ಮುಸ್ಯಾ ಸತ್ರ ಹೂವಿನ ಹಾರ ಹಾಕಿ, ಭಜನಿ ಮಾಡಿ, ಮಣ್ಣು ಕೊಡತೀವಿ. ಅಷ್ಟು ಭಕ್ತಿ ಇರೂ ಮಂದಿ ನಾವು. ಆ ಭಕ್ತಿಗೆ ನನ್ನ ಗೌರವ ಐತಿ, ಅದಕ್ಕ ಹೇಳ್ತೀನಿ, ಬೋನಿನ್ಯಾಗ ಒಯ್ದು ಕಣ್ಣಿಗೆ ಕಾಣಲಾರದ ಜಾಗಾದಾಗ ಬಿಟ್ರ ಪಾಪ ಕಡಿಮಿ ಆಗೂದಿಲ್ಲ.

ಹಂಗಾರ ಏನ ಮಾಡೂಣು ಅಂತ ಕೇಳ್ತೀರಿ. ಶನಿವಾರ ಶನಿವಾರ ಗುಡಿ ಮುಂದ ಬಾಳೆಹಣ್ಣು, ಬನ್ನು, ಬಿಸ್ಕೀಟು ಹಾಕೂದನ್ನ ಮೊದಲ ನಿಲ್ಲಸ್ರಿ. ಮುಸ್ಯಾ ಮೂಲದಾಗ ಎಲಿ ತಿನ್ನೂ ಪ್ರಾಣಿ, ಎಲಿ ಕೊಳಿಸಿ ಅರಗಿಸೂ ಹಂಗ ಅದರ ಹೊಟ್ಟಿ ಹಲವು ಚೀಲದಂಗ ಆಗೇತಿ. ಆದ್ರ ಕಾಡಿನಾಗ ಸಿಹಿ, ಎಣ್ಣಿ, ಕಾಳು ಅಪರೂಪಕ್ಕ ಸಿಗೂದು, ಸಿಕ್ಕಾಗ ಬಿಡದ ತಿಂದಾವ ಬದುಕಿ ಮರಿ ಹಾಕಿದುವು, ಆ ಆಸೆ ಇವಕ್ಕೂ ಬಂದೈತಿ. ಆಸೆ ಇರೂ ಪ್ರಾಣಿ ಮುಂದ ನಾವ ಒಯ್ದು ಬನ್ನು ಇಟ್ಟು, ಆಮ್ಯಾಲ ಮನಿಗೆ ಬಂತು ಅಂತ ಕಲ್ಲು ಒಗೀತೀವಿ. ಜೋಧಪುರದಾಗ ಜನ ತಿನಿಸಿ ಸಾಕಿದ ಮುಸ್ಯಾಗೋಳು ಕಾಡಿನಾಗ ಇರೂವುಕ್ಕಿಂತ ಬೇಗ ಬೇಗ ಹಡೀತಾವ ಅಂತ ಕಂಡಾರ, ತಾಯಿ ಮೈ ತುಂಬಿದಷ್ಟು ಹೆರಿಗಿ ಅಂತರ ಕಡಿಮಿ. ಸಂಖ್ಯೆ ಹೆಚ್ಚಾಗಾಕ ನಮ್ಮ ಕೈನ ಕಾರಣ ಆಗೇತಿ. ಆ ಕೂಸಿನ ಕೈ ಕಚ್ಚಿದ್ದೂ ಕೈಯಾಗಿನ ಬಿಸ್ಕೀಟ್ ಪುಡಿಕಿ ಕಸಗೊಳ್ಳೂ ಮುಂದ, ಇದು ಆ ಮನಿಯವರ ಹೇಳಿದ ಮಾತು.

ಒಂದು ಮಾತು ನಮ್ಮ ಸಾಲಿ ಬಗ್ಗೆ ಹೇಳಬೇಕು. ಮರಿಗೋಳು ಸತ್ತಾಗ ಒಬ್ಬ ಹುಡುಗಿ ನನ್ನ ಕೇಳಿದ್ಲು, ಅಕ್ಕೋರ, ಅದರ ಜೀನ್ ಹಂಗ ಇದ್ರ ಅದು ತಪ್ಪಲ್ಲೇನ್ರಿ ಅಂತ. ನಾ ಹೇಳಿದೆ, ಮುಸ್ಯಾಗ ತಪ್ಪು ಒಪ್ಪು ಇಲ್ಲವ್ವಾ, ಯಾಕ ಹಂಗ ಆತು ಅಂತ ತಿಳಕೊಳ್ಳೂದು ಬ್ಯಾರೆ, ಹಂಗ ಆಗೂದು ಛಲೋ ಅನ್ನೂದು ಬ್ಯಾರೆ, ಬೋನ ಇಟ್ಟವರು ಮನಶ್ಯಾರು, ವಿಚಾರ ಮಾಡಾಕ ಬರೂದು ನಮಗ. ಇಂಥಾ ಪ್ರಶ್ನೆ ಕೇಳೂ ಮಕ್ಕಳಿಗೆ ಉತ್ತರ ಹೇಳೂ ಪಾಠಾನ 2023ರಾಗ ಹತ್ತನೇತ್ತಾ ಎನ್‌ಸಿಇಆರ್‌ಟಿ ಪುಸ್ತಕದಾಗಿಂದ ತಗದ್ರು, ವಿಕಾಸದ ಭಾಗ ಹೋಗಿ ಬರೇ ಅನುವಂಶೀಯತೆ ಉಳೀತು. ದೇಶದ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಬ್ಯಾಡ ಅಂತ ಬರದ್ರು. ಹತ್ತನೇತ್ತಾಕ್ಕ ಸಾಲಿ ಬಿಡೂ ನಮ್ಮ ಹುಡುಗರು ನಾಳೆ ಇದ ಪಂಚಾಯತಿ ಸದಸ್ಯರಾಗಿ ಕೂಡೂವರು, ಇದನ್ನ ಓದಲಾರದ ಹೋದ್ರ ಅವರೂ ಹುಚ್ಚ ಮುಸ್ಯಾ ಅಂತ ಬೋನ ತರಸ್ತಾರ. ಮುಂಡಿಗಿ ಬಿಟ್ಟು ಹಂಚು ತಿರುವಿ ಹಾಕಿದಂಗ ಆಗಬಾರದು ನಮ್ಮ ಕಲಿಕಿ.

ಪಂಚಾಯತಿಯವರಿಗೆ ನನ್ನ ಕೇಳಿಕಿ, ಈ ಗಂಡನ್ನ ಹಿಡಸೂ ಠರಾವು ಪಾಸ್ ಮಾಡಬ್ಯಾಡ್ರಿ, ಪಟ್ಟಿ ಎತ್ತೂ ರೊಕ್ಕದಾಗ ಸಾಲಿ ಅಡಗಿ ಮನಿಗೆ, ಅಂಗನವಾಡಿಗೆ ಜಾಳಿಗಿ ಹಾಕಸ್ರಿ, ಕಸದ ತೊಟ್ಟಿಗೆ ಮುಚ್ಚಳ ಹಾಕಸ್ರಿ, ತೆನಿ ಕಾಳ ಕಟ್ಟೂ ಆ ಕೆಲವು ವಾರ ಹಳ್ಳದ ದಂಡಿ ಹೊಲಗಳಿಗೆ ಪಾಳಿ ಮ್ಯಾಲ ಕಾವಲ ಇಡ್ರಿ, ಕಾವಲದವರಿಗೆ ಕೂಲಿ ಕೊಡ್ರಿ. ಗುಡಿ ಪೂಜಾರಿ ಅಜ್ಜಾರ ಜೋಡಿ ನಾ ಮಾತಾಡೀನಿ, ಹಣ್ಣು ಗುಡಿ ಒಳಗ ನೈವೇದ್ಯ ಆಗಿ ಮಂದಿಗೆ ಪ್ರಸಾದ ಆಗ್ಲಿ, ಹೊರಗ ಒಗಿಯೂದು ಬ್ಯಾಡ ಅಂತ ಅವರೂ ಒಪ್ಪ್ಯಾರ.

ಅರಣ್ಯ ಅಧಿಕಾರಿಗಳಿಗೆ ನನ್ನ ಕೇಳಿಕಿ, ಅನುಮತಿ ಇಲ್ಲದ ಹಳ್ಳಿ ಹಳ್ಳಿಗೆ ಬಂದು ಮುಸ್ಯಾ ಹಿಡಿಯೋರನ್ನ ತಡೀರಿ. ಯಾವುದಾರ ಪ್ರಾಣಿ ಖರೇನ ಮನಶ್ಯಾರ ಮ್ಯಾಲ ಬೀಳತಿದ್ರ, ಹಿಡಿಯೂದು ಅನಿವಾರ್ಯ ಆದ್ರ, ವನ್ಯಜೀವಿ ವೈದ್ಯರನ್ನ ಕರಕೊಂಡು ನೀವ ಬರ್ರಿ, ಹಿಂಡಿನ್ಯಾಗ ಹಾಲುಗೂಸು ಎಷ್ಟು ಅದಾವ ಅಂತ ಮೊದಲ ಎಣಸ್ರಿ, ಎಣಿಸಿ ಆಮ್ಯಾಲ ನಿರ್ಧಾರ ಮಾಡ್ರಿ. ಬೆಳಿ ಹಾಳಾದ ರೈತಗ ಪರಿಹಾರ ಸಿಗೂ ದಾರಿ ಸರಳ ಮಾಡ್ರಿ, ಅರ್ಜಿ ಹಿಡಕೊಂಡು ಬೆಳಗಾವಿ ತನಕ ಅಡ್ಡಾಡೂ ಹಂಗ ಇರಬಾರದು, ರೈತನ ಸಿಟ್ಟು ಇಳದ್ರ ಅರ್ಧ ಬೋನು ತಾನ ಹೋಕ್ಕಾವ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇಲ್ಲೇ ಹತ್ರ ಐತಿ, ಅಲ್ಲಿ ಪ್ರಾಣಿಶಾಸ್ತ್ರ ಓದೂ ಹುಡುಗರನ್ನ ಕಳಿಸಿ ನಮ್ಮ ಭಾಗದ ಹಿಂಡುಗಳ ಲೆಕ್ಕ ಬರಸ್ರಿ, ಯಾವ ಊರಾಗ ಗಂಡು ಹಿಡಿಸಿದ್ರು, ಆಮ್ಯಾಲ ಏನಾತು ಅಂತ ಒಂದು ವರದಿ ಆಗ್ಲಿ.

ಗ್ರಾಮಸಭೆ ನೋಟೀಸಿನ್ಯಾಗ ಈ ವಿಷಯಾನ ಮೊದಲಿನ ವಿಷಯ ಆಗಿ ಹಾಕ್ರಿ, ನನಗ ಮಾತಾಡಾಕ ಅರ್ಧ ತಾಸು ಕೊಡ್ರಿ. ಸಾಲಿ ಪ್ರೊಜೆಕ್ಟರ್ ತರತೀನಿ, ನಮ್ಮ ಹುಡುಗರು ತಗದ ಫೋಟೋ, ಬರದಿಟ್ಟ ವಹಿ ತರತೀನಿ, ಬೆಳಿ ಕಳಕೊಂಡ ರೈತರೂ ಬಂದು ಅವರ ಲೆಕ್ಕ ಹೇಳ್ಲಿ. ಅದನ್ನೆಲ್ಲಾ ಕೇಳಿದ ಮ್ಯಾಲ ಠರಾವು ಬರೀರಿ, ಬರದ ಠರಾವಿನ ಒಂದು ಪ್ರತಿ ಸಾಲಿಗೂ ಕಳಿಸ್ರಿ.

ಇಂತಿ ನಿಮ್ಮ ವಿಶ್ವಾಸಿ,
ನಿಮ್ಮೂರ ಹೈಸ್ಕೂಲಿನ ವಿಜ್ಞಾನದ ಅಕ್ಕೋರು